ಹತ್ತು ತಿಂಗಳ ಕೆಲಸ, ಹನ್ನೆರಡು ತಿಂಗಳ ಸಂಸಾರ: ಅತಿಥಿ ಶಿಕ್ಷಕಿಯೊಬ್ಬರ ಆಪ್ತಸಲಹೆ ಪ್ರಕರಣ

ಗುರುತು ಸಿಗಬಾರದೆಂದು ಊರು, ವಯಸ್ಸು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇವೆ. ಅಂಕಿಗಳನ್ನು ಇದ್ದಂತೆಯೇ ಇಟ್ಟಿದ್ದೇವೆ, ಏಕೆಂದರೆ ಈ ಪ್ರಕರಣದಲ್ಲಿ ಸಂಕಟ ಅಡಗಿದ್ದುದೇ ಅಂಕಿಗಳಲ್ಲಿ.

ಶಿಕ್ಷಕಿಗೆ ಮೂವತ್ಮೂರರ ಆಸುಪಾಸು. ಬಿ.ಎಸ್ಸಿ. (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ), ಬಿ.ಎಡ್. ಆಗಿದೆ, ಪ್ರವರ್ಗ 2ಎ. ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಮನೆ. ಗಂಡನದು ಮೊಬೈಲ್ ರಿಪೇರಿ ಅಂಗಡಿ. ಮಕ್ಕಳಿಬ್ಬರು, ಜೊತೆಗೆ ಅತ್ತೆ. ಆರು ವರ್ಷಗಳಲ್ಲಿ ಐದು ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ, ವಿಜ್ಞಾನಕ್ಕೆ ಅತಿಥಿ ಶಿಕ್ಷಕಿಯಾಗಿ, ಅಂದರೆ ಕಾಯಂ ಶಿಕ್ಷಕರಿಲ್ಲದ ಜಾಗಕ್ಕೆ ಆ ವರ್ಷದ ಮಟ್ಟಿಗೆ ಗೌರವಧನದ ಮೇಲೆ, ದುಡಿದಿದ್ದಾರೆ. ಸಲಹೆಗೆ ಬಂದದ್ದು ಏಪ್ರಿಲ್‌ನಲ್ಲಿ, ಶಾಲೆ ಮುಚ್ಚಿದ ಮರುವಾರ.

ಹೇಳಿಕೊಂಡದ್ದು ನಿದ್ದೆಯ ತೊಂದರೆ. "ಮಾರ್ಚ್ ಬಂತಂದ್ರ ಎದಿ ಡವಡವ ಅಂತದ ರೀ. ಹುಡುಗರು ಬಂದು, ಅಕ್ಕೋರೆ, ಮುಂದಿನ ವರ್ಸ ನೀವೇ ಇರ್ತೀರೇನ್ರಿ ಅಂತ ಕೇಳ್ತಾರ. ಏನಂತ ಹೇಳ್ಲಿ?" ಮೊದಲ ಭೇಟಿಯಲ್ಲಿ ಕೆಲಸದ ಮಾತು ಎತ್ತಲಿಲ್ಲ. ನಿದ್ದೆ, ಹಸಿವು, ಸುಸ್ತು, ಸಾಯುವ ಯೋಚನೆ ಬರುತ್ತದೆಯೇ, ಇವನ್ನೆಲ್ಲ ಒಂದೊಂದಾಗಿ ಕೇಳಲಾಯಿತು. ಸಾಯುವ ಯೋಚನೆ ಇರಲಿಲ್ಲ. ಶಾಲೆ ನಡೆಯುವ ಜುಲೈನಿಂದ ಫೆಬ್ರವರಿವರೆಗೆ ನಿದ್ದೆಯೂ ಚೆನ್ನಾಗಿಯೇ ಇತ್ತು. ಇದು ಖಿನ್ನತೆಗಿಂತ ಹೆಚ್ಚಾಗಿ ವರ್ಷವರ್ಷವೂ ಅದೇ ತಿಂಗಳಲ್ಲಿ ಮರುಕಳಿಸುವ ಆತಂಕ ಎಂದು ಕಂಡಿತು. ಆದರೂ ಎರಡು ವಾರದ ಮೇಲೂ ನಿದ್ದೆ ಕೂಡದಿದ್ದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಬೇಕು, ರಾತ್ರಿ ಹೊತ್ತು ತೀರಾ ತಡೆಯದಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು ಎಂದು ಬರೆದುಕೊಟ್ಟೆವು. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಎರಡನೆಯ ಭೇಟಿಗೆ ಗಂಡನನ್ನೂ ಕರೆತಂದರು. ಕೇಳಿದ ಪ್ರಶ್ನೆ ಒಂದೇ: "ಪರ್ಮನೆಂಟ್ ಯಾವಾಗ ಆಗ್ತದ?"

ಹಿರಿಯ ಸಹೋದ್ಯೋಗಿಯೊಬ್ಬರು "ಹತ್ತು ವರ್ಷ ತುಂಬಿದರೆ ತಾನಾಗಿಯೇ ಕಾಯಂ ಮಾಡ್ತಾರೆ" ಎಂದು ಹೇಳಿದ್ದರಂತೆ. ಇವರು ಅದನ್ನೇ ನಂಬಿ ವರ್ಷ ಎಣಿಸುತ್ತಿದ್ದರು. ಈ ಮಾತು ಬಹಳ ಸ್ಟಾಫ್ ರೂಮುಗಳಲ್ಲಿ ಓಡಾಡುತ್ತಿದೆ, ಆದ್ದರಿಂದ ಬಿಡಿಸಿ ಹೇಳಬೇಕು. ಇದರ ಬೇರು 2006ರ ಏಪ್ರಿಲ್ 10ರ ಉಮಾದೇವಿ ಪ್ರಕರಣದ ತೀರ್ಪಿನಲ್ಲಿದೆ. ಅದು ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣ. ನಿಯಮದಂತೆ ಅರ್ಜಿ ಕರೆದು, ಸ್ಪರ್ಧೆ ನಡೆಸಿ ಆಯ್ಕೆ ಮಾಡದ ತಾತ್ಕಾಲಿಕ ನೌಕರರು ಕಾಯಂ ಆಗುವ ಹಕ್ಕು ಕೇಳುವಂತಿಲ್ಲ ಎಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಹೇಳಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ದುಡಿದಿದ್ದವರನ್ನು ಒಂದು ಸಲದ ಕ್ರಮವಾಗಿ ಪರಿಗಣಿಸಿ ಎಂಬ ಸಾಲೂ ಅದರಲ್ಲಿದೆ. ಆದರೆ ಅದು ಆಗ ಸೇವೆಯಲ್ಲಿದ್ದವರ ಮಾತು. ಜನರ ಬಾಯಲ್ಲಿ ಉಳಿದದ್ದು "ಹತ್ತು ವರ್ಷ" ಮಾತ್ರ. ಅತಿಥಿ ಶಿಕ್ಷಕರದು ಪ್ರತಿ ವರ್ಷ ಹೊಸದಾಗಿ ಶುರುವಾಗಿ ಮಾರ್ಚ್‌ಗೆ ಮುಗಿಯುವ ವ್ಯವಸ್ಥೆ. ಸೇವಾ ಭದ್ರತೆಗಾಗಿ ಸಂಘಟನೆಗಳು ಹೋರಾಡುತ್ತಿವೆ, ಹೋರಾಡಲಿ. ಸದಸ್ಯರಾಗಿ, ಧರಣಿಗೂ ಹೋಗಿ. ಆದರೆ ಮನೆಯ ಲೆಕ್ಕವನ್ನು ಅದರ ಮೇಲೆ ನಿಲ್ಲಿಸಬೇಡಿ ಎಂದೆವು. ಗಂಡ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ಆರು ವರ್ಸ ನೀರಾಗ ಹೋಮ ಮಾಡಿದಂಗಾತಲ್ರೀ" ಅಂದರು. ಆ ಆರು ವರ್ಷ ದಾರಿಯೇ ಅಲ್ಲದ ದಾರಿಯಲ್ಲಿ ಎಣಿಕೆಯಾಗಿದ್ದವು, ನಿಜ. ಬೇರೆ ಕಡೆ ಎಣಿಕೆಗೆ ಬರುವಂತೆ ಮಾಡುವುದು ಹೇಗೆ ಎಂಬುದೇ ಮುಂದಿನ ಕೆಲಸವಾಯಿತು.

ದುಡ್ಡಿನ ಲೆಕ್ಕ

2025-26ರ ಬಜೆಟ್‌ನಲ್ಲಿ ತಲಾ 2,000 ರೂ. ಏರಿದ ಮೇಲೆ ಅತಿಥಿ ಶಿಕ್ಷಕರ ಮಾಸಿಕ ಗೌರವಧನ ಪ್ರಾಥಮಿಕ ಶಾಲೆಯಲ್ಲಿ 12,000, ಪ್ರೌಢಶಾಲೆಯಲ್ಲಿ 12,500, ಪದವಿಪೂರ್ವ ಕಾಲೇಜಿನಲ್ಲಿ 14,000 ರೂ. ಆಗಿದೆ. ಈ ದಂಪತಿ ಮನೆ ಖರ್ಚನ್ನು 12,500ರ ಮೇಲೆ ಹೂಡಿದ್ದರು. ಮೊದಲ ತಪ್ಪು ಅಲ್ಲೇ. ಕೆಲಸ ಹತ್ತು ತಿಂಗಳದ್ದು: ವರ್ಷಕ್ಕೆ 1,25,000, ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 10,400 ಚಿಲ್ಲರೆ. ಅದೂ ತಿಂಗಳು ತಿಂಗಳು ಬರುವುದಿಲ್ಲ. ಅನುದಾನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕಂತಿನಲ್ಲಿ ಬಿಡುಗಡೆಯಾಗುತ್ತದೆ. ಮುಖ್ಯ ಶಿಕ್ಷಕರು ಹಾಜರಾತಿ ಕಳಿಸಿ, ಬಿಲ್ ಆಗಿ, ಖಾತೆಗೆ ಬೀಳುವಷ್ಟರಲ್ಲಿ ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುವುದೇ ವಾಡಿಕೆ. ಜೂನ್‌ನಲ್ಲಿ ಸೇರಿದವರು ಮೊದಲ ದುಡ್ಡನ್ನು ದಸರೆಯ ಹೊತ್ತಿಗೆ ಕಂಡರೂ ಅಚ್ಚರಿಯಿಲ್ಲ. ಮಕ್ಕಳ ಪುಸ್ತಕ, ಬಟ್ಟೆಗೆ ಇವರು ಪ್ರತಿ ಜೂನ್‌ನಲ್ಲೂ ಮೈಕ್ರೋಫೈನಾನ್ಸ್ ಸಾಲ ಎತ್ತಿ, ವಾರದ ಕಂತು ಕಟ್ಟುತ್ತ, ಗೌರವಧನ ಬಂದಾಗ ಹಳೆಯದನ್ನು ತೀರಿಸುತ್ತಿದ್ದರು. ಮಾರ್ಚ್‌ನಲ್ಲಿ ಎದೆ ಬಡಿದುಕೊಳ್ಳುತ್ತಿದ್ದುದಕ್ಕೆ ಅರ್ಧ ಕಾರಣ ಈ ಸಾಲ. ಅತ್ತೆಯ ಖಾತೆಗೆ ಬರುವ ಗೃಹಲಕ್ಷ್ಮಿಯ 2,000 ರೂ. ಬಗ್ಗೆ ಕೇಳಿದಾಗ ಇಬ್ಬರೂ ಮುಖ ಮುಖ ನೋಡಿಕೊಂಡರು. ಆ ವಿಷಯ ಅಲ್ಲಿಗೇ ಬಿಟ್ಟೆವು. ಅತ್ತೆಯ ದುಡ್ಡು ಅತ್ತೆಯದು.

ಕೊಟ್ಟ ಸಲಹೆ: ತಿಂಗಳ ಬಜೆಟ್ 10,000ಕ್ಕೆ ಇಳಿಸಿ. ಗೌರವಧನ ಒಟ್ಟಿಗೆ ಬಂದ ದಿನವೇ ಐದರಲ್ಲಿ ಒಂದು ಪಾಲನ್ನು ಏಪ್ರಿಲ್, ಮೇ ತಿಂಗಳಿಗೆಂದು ಅಂಚೆ ಕಚೇರಿ ಉಳಿತಾಯ ಖಾತೆಗೆ ಹಾಕಿ. ವಾರದ ಕಂತಿನ ಸಾಲ ಮುಗಿಸಿ, ಮುಂದೆ ಬೇಕಾದರೆ ಸ್ವಸಹಾಯ ಸಂಘದಿಂದ ತಿಂಗಳ ಕಂತಿನ ಸಾಲ ತೆಗೆದುಕೊಳ್ಳಿ.

ಯಾರ ಜಾಗ, ಏಕೆ ಖಾಲಿ?

ಇದು ಈ ಪ್ರಕರಣದ ಗಟ್ಟಿ ಭಾಗ. ಆರು ವರ್ಷದಲ್ಲಿ ಐದು ಶಾಲೆ ಏಕಾಯಿತು ಎಂದು ಕೇಳಿದರೆ "ನಸೀಬ ರೀ" ಎಂಬ ಉತ್ತರ. ಉದ್ದ ನೋಟುಪುಸ್ತಕದಲ್ಲಿ ಆರು ಸಾಲು ಬರೆಸಿದೆವು: ಯಾವ ಶಾಲೆ, ಯಾರ ಜಾಗ, ಅದು ಏಕೆ ಖಾಲಿಯಾಗಿತ್ತು, ಯಾವ ತಿಂಗಳಲ್ಲಿ ಬಿಟ್ಟಿರಿ, ಏಕೆ. ಮೂರನೆಯ ಸಾಲು ಬರೆಯುವಾಗಲೇ ಅವರ ಪೆನ್ನು ನಿಂತಿತು.

ಒಂದು ವರ್ಷ ಆಗಸ್ಟ್‌ನಲ್ಲಿ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ (ಖಾಲಿ ಹುದ್ದೆಗಳ ಪಟ್ಟಿ ನೋಡಿ ಕಾಯಂ ಶಿಕ್ಷಕರು ಶಾಲೆ ಆರಿಸಿಕೊಳ್ಳುವ ಕ್ರಮ) ಕಾಯಂ ಶಿಕ್ಷಕರು ಬಂದರು. ಮುಂದಿನ ವರ್ಷ ಹೆಚ್ಚುವರಿ ಶಿಕ್ಷಕರ ಮರುಹೊಂದಾಣಿಕೆಯಲ್ಲಿ ಇನ್ನೊಬ್ಬರು. ಮತ್ತೊಂದು ವರ್ಷ ಹೆರಿಗೆ ರಜೆ ಮುಗಿಸಿ ಡಿಸೆಂಬರ್‌ನಲ್ಲಿ ಶಿಕ್ಷಕಿ ಮರಳಿದರು. ಈ ಮೂರು ಶಾಲೆಗಳೂ ಬಸ್ ಸ್ಟ್ಯಾಂಡಿನಿಂದ ನಡೆದುಹೋಗುವಷ್ಟು ಹತ್ತಿರ. ಮನೆಗೆ ಹತ್ತಿರ ಎಂದೇ ಆರಿಸಿಕೊಂಡದ್ದು. ಕಾಯಂ ಶಿಕ್ಷಕರಿಗೂ ಹತ್ತಿರದ ಶಾಲೆಯೇ ಬೇಕಲ್ಲ! ತಾಲ್ಲೂಕು ಕೇಂದ್ರದ ಖಾಲಿ ಹುದ್ದೆ ಕೌನ್ಸೆಲಿಂಗ್ ಪಟ್ಟಿಗೆ ಬಂದರೆ ಮೊದಲ ದಿನವೇ ತುಂಬಿಹೋಗುತ್ತದೆ.

ಆದ್ದರಿಂದ ಅತಿಥಿ ಶಿಕ್ಷಕರು ಶಾಲೆ ಆರಿಸುವ ಮೊದಲು ಮುಖ್ಯ ಶಿಕ್ಷಕರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಈ ಜಾಗ ಏಕೆ ಖಾಲಿ ಇದೆ ಎಂಬುದು. ಉತ್ತರ ನಾಲ್ಕು ಬಗೆಯದಿರುತ್ತದೆ.

ನಿವೃತ್ತಿ ಅಥವಾ ವರ್ಗಾವಣೆಯಿಂದ ತೆರವಾದ ಮಂಜೂರಾದ ಹುದ್ದೆ, ಅದೂ ದೂರದ ಹಳ್ಳಿಯಲ್ಲಿ: ಇದು ಹೆಚ್ಚು ಕಾಲ ಉಳಿಯುತ್ತದೆ. ವರ್ಗಾವಣೆ ಕಾಯ್ದೆಯಡಿ ಶಾಲೆಗಳನ್ನು ಎ, ಬಿ, ಸಿ ವಲಯ ಎಂದು ವಿಂಗಡಿಸಲಾಗಿದೆ. ದೂರದವು ಸಿ ವಲಯಕ್ಕೆ ಬರುತ್ತವೆ, ಅಲ್ಲಿಂದ ಹೊರಬರಲು ಕಾಯುವವರೇ ಹೆಚ್ಚು. ಅದೇ ಬಗೆಯ ಹುದ್ದೆ ಪಟ್ಟಣದಲ್ಲಿದ್ದರೆ ವರ್ಗಾವಣೆ ಕೌನ್ಸೆಲಿಂಗ್ ಆಗುವವರೆಗೆ ಮಾತ್ರ ಎಂದು ತಿಳಿಯಿರಿ. ಮೂರನೆಯದು ನಿಯೋಜನೆ: ಕಾಯಂ ಶಿಕ್ಷಕರು ಬೇರೆ ಕಚೇರಿಗೋ ಶಾಲೆಗೋ ಹೋಗಿರುತ್ತಾರೆ, ಸಂಬಳ ಮಾತ್ರ ಇಲ್ಲೇ. ನಿಯೋಜನೆ ರದ್ದು ಮಾಡಿ ಎಂಬ ಆದೇಶ ಯಾವಾಗ ಬೇಕಾದರೂ ಬರಬಹುದು, ಬಂದರೆ ಮರುದಿನವೇ ಅವರು ಹಾಜರು. ನಾಲ್ಕನೆಯದು ರಜೆ. ಹೆರಿಗೆ ರಜೆ 180 ದಿನ. ಸರ್ಕಾರಿ ನೌಕರಿಯಲ್ಲಿರುವ ಮಹಿಳೆಯರಿಗೆ 2021ರಿಂದ ಸೇವಾವಧಿಯಲ್ಲಿ 180 ದಿನ ಶಿಶುಪಾಲನಾ ರಜೆಯೂ ಸಿಗುತ್ತಿದೆ. ಎರಡೂ ಸೇರಿದರೆ ಪೂರ್ತಿ ಶೈಕ್ಷಣಿಕ ವರ್ಷ, ಸೇರದಿದ್ದರೆ ಅರ್ಧ. ಇದನ್ನು ಬಾಣಂತಿಯನ್ನೇ ನೇರವಾಗಿ ಕೇಳಬೇಡಿ, ಮುಖ್ಯ ಶಿಕ್ಷಕರಿಗೆ ಅಂದಾಜು ಇರುತ್ತದೆ.

ಈ ಮಾಹಿತಿ ಕಚೇರಿಯ ಕಡತಕ್ಕಿಂತ ಬೇಗ ಸಿಗುವುದು ಸುತ್ತಲಿನ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಿ.ಆರ್.ಪಿ. (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹತ್ತಿರ. ಯಾವ ಶಾಲೆಯಲ್ಲಿ ಯಾವ ವಿಷಯಕ್ಕೆ ಆಳಿಲ್ಲ, ಯಾರು ಬರುವ ಮೇನಲ್ಲಿ ನಿವೃತ್ತರು, ಯಾರು ವರ್ಗಾವಣೆಗೆ ಅರ್ಜಿ ಹಾಕಿದ್ದಾರೆ, ಅವರಿಗೆ ಗೊತ್ತಿರುತ್ತದೆ. ಅವರು ಹೆಚ್ಚಾಗಿ ಪ್ರಾಥಮಿಕ ಶಾಲೆಗಳನ್ನು ನೋಡಿಕೊಳ್ಳುವವರಾದರೂ ಪಕ್ಕದ ಪ್ರೌಢಶಾಲೆಯ ಸುದ್ದಿ ಅವರಿಗೆ ಬಾರದೆ ಇರುವುದಿಲ್ಲ. ಮೇ ಎರಡನೆಯ ವಾರದಲ್ಲಿ ಒಂದು ಸಲ ಹೋಗಿ ಮಾತಾಡಿಸಿ, ಅದಕ್ಕೆ ಯಾರ ಶಿಫಾರಸೂ ಬೇಡ ಎಂದೆವು.

ದೂರದ ಶಾಲೆ ಎಂದ ಕೂಡಲೇ ಖರ್ಚಿನ ಮಾತು ಬಂತು. ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ. ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಹಾಗಾಗಿ 30 ಕಿ.ಮೀ. ದೂರ ಅವರ ಜೇಬಿಗೆ ಭಾರವಲ್ಲ. ಭಾರವಾಗುವುದು ಎರಡು ಕಡೆ: ಬೆಳಗಿನ ಬಸ್ ಪ್ರಾರ್ಥನೆಯ ಹೊತ್ತಿಗೆ ಮುಟ್ಟಿಸುತ್ತದೆಯೇ, ಮತ್ತು ಮುಖ್ಯರಸ್ತೆಯ ಕ್ರಾಸಿನಿಂದ ಶಾಲೆಗೆ ಹೇಗೆ ಹೋಗುವುದು. ಕ್ರಾಸಿನಿಂದ ದಿನಾ ಎರಡು ಹೊತ್ತು ಆಟೋ ಎಂದರೆ ತಿಂಗಳಿಗೆ ಸಾವಿರ ದಾಟುತ್ತದೆ. ಒಪ್ಪಿಕೊಳ್ಳುವ ಮೊದಲು ಕೆಲಸದ ದಿನವೊಂದರಲ್ಲಿ ಅದೇ ಬಸ್ಸಿನಲ್ಲಿ ಹೋಗಿಬನ್ನಿ, ಅದೂ ಶನಿವಾರ ಬೇಡ, ಬೆಳಗಿನ ಶಾಲೆಯ ವೇಳೆಯೇ ಬೇರೆ ಎಂದು ಹೇಳಿದೆವು. ಸಣ್ಣ ಮಾತು ಅನ್ನಿಸಬಹುದು. ಅತಿಥಿ ಶಿಕ್ಷಕರು ಅಕ್ಟೋಬರ್ ಹೊತ್ತಿಗೆ ಮುಖ್ಯ ಶಿಕ್ಷಕರ ಜೊತೆ ಮನಸ್ತಾಪ ಮಾಡಿಕೊಳ್ಳುವುದು ಹೆಚ್ಚಾಗಿ ಈ ಹತ್ತು ನಿಮಿಷದ ತಡದಿಂದಲೇ.

ಆಯ್ಕೆಯ ವಾರ, ಮತ್ತು ಕಾಗದ

ಪ್ರತಿ ವರ್ಷ ಇಲಾಖೆಯ ಸುತ್ತೋಲೆ ಬಂದು ತಾಲ್ಲೂಕಿಗೆ ಇಷ್ಟು ಎಂದು ಸಂಖ್ಯೆ ನಿಗದಿಯಾಗುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿಗಳು ಅದನ್ನು ಶಾಲೆಗಳಿಗೆ ಹಂಚುತ್ತಾರೆ. ಮುಖ್ಯ ಶಿಕ್ಷಕರು ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಜೊತೆ ಸೇರಿ ಅರ್ಹತೆ, ಅಂಕ ನೋಡಿ ಆಯ್ಕೆ ಮಾಡುತ್ತಾರೆ. ಶಾಲೆ ಮೇ ಕೊನೆಗೆ ತೆರೆಯುತ್ತದೆ, ಸುತ್ತೋಲೆ ಆಸುಪಾಸಿನಲ್ಲೇ ಬರುತ್ತದೆ, ಅರ್ಜಿಗೆ ಸಿಗುವುದು ಕೆಲವೇ ದಿನ. ಆ ದಿನಗಳಲ್ಲಿ ಝೆರಾಕ್ಸ್ ಅಂಗಡಿ ಹುಡುಕಿಕೊಂಡು ಓಡಾಡುವವರು ಹಿಂದೆ ಬೀಳುತ್ತಾರೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿಯ ಎಲ್ಲ ಸೆಮಿಸ್ಟರ್, ಬಿ.ಎಡ್. ಅಂಕಪಟ್ಟಿ, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಆಗಿದ್ದರೆ ಅದು, ಜಾತಿ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಅರ್ಹತಾ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಹಿಂದಿನ ಅನುಭವ ಪತ್ರಗಳು. ಇವುಗಳ ಐದು ಸೆಟ್ ಏಪ್ರಿಲ್‌ನಲ್ಲೇ ಸಿದ್ಧವಿರಲಿ. ಮೂರು ಶಾಲೆಗೆ ಅರ್ಜಿ ಹಾಕಿ, ಒಂದು ಕಡೆ ಆಯ್ಕೆಯಾದ ದಿನವೇ ಉಳಿದ ಎರಡು ಶಾಲೆಗೆ ಫೋನ್ ಮಾಡಿ ಬರುವುದಿಲ್ಲ ಎಂದು ಹೇಳಿಬಿಡಿ. ಆ ಮುಖ್ಯ ಶಿಕ್ಷಕರು ಮುಂದಿನ ವರ್ಷವೂ ಅಲ್ಲೇ ಇರುತ್ತಾರೆ.

ಇವರ ಆರು ವರ್ಷಗಳಲ್ಲಿ ಎರಡು ವರ್ಷಕ್ಕೆ ಆದೇಶದ ಪ್ರತಿಯೇ ಇರಲಿಲ್ಲ. "ಬನ್ರಿ, ನಾಳೆಯಿಂದ ಪಾಠ ಶುರು ಮಾಡ್ರಿ" ಎಂಬ ಬಾಯಿಮಾತಿನ ಮೇಲೆ ಸೇರಿದ್ದರು. ಅನುಭವ ಪತ್ರ ಒಂದೇ ಒಂದಿತ್ತು, ಅದರಲ್ಲೂ ವಿಷಯ ಬರೆದಿರಲಿಲ್ಲ. ಖಾಸಗಿ ಶಾಲೆ, ವಸತಿ ಶಾಲೆ, ಕೇಂದ್ರೀಯ ವಿದ್ಯಾಲಯ ಎಲ್ಲ ಕಡೆ ಅನುಭವ ಕೇಳುತ್ತಾರೆ. ಕಾಗದವಿಲ್ಲದ ಅನುಭವವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಿಟ್ಟುಹೋದ ಎರಡು ವರ್ಷಕ್ಕೆ ಹೀಗೆ ಮಾಡಿಸಿದೆವು: ಗೌರವಧನ ಜಮೆಯಾದ ತಿಂಗಳುಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿದರು, ಹಳೆಯ ಶಾಲೆಗೆ ಹೋಗಿ ಹಾಜರಿ ಪುಸ್ತಕದ ಪುಟ ಮತ್ತು ಆಯ್ಕೆಯಾದ ದಿನದ ಎಸ್.ಡಿ.ಎಂ.ಸಿ. ನಡಾವಳಿಯ ನಕಲು ಕೇಳಿದರು, ಅವನ್ನು ಲಗತ್ತಿಸಿ ಅನುಭವ ಪತ್ರಕ್ಕೆ ಮನವಿ ಕೊಟ್ಟರು. ಒಂದು ಶಾಲೆ ಅದೇ ದಿನ ಕೊಟ್ಟಿತು. ಇನ್ನೊಂದರಲ್ಲಿ ಮುಖ್ಯ ಶಿಕ್ಷಕರು ಬದಲಾಗಿದ್ದರು, ನನಗೆ ಗೊತ್ತಿಲ್ಲ ಎಂದರು. 10 ರೂ. ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿದರೆ 30 ದಿನದಲ್ಲಿ ನಕಲು ಕೊಡಲೇಬೇಕು, ಅದು ಹಕ್ಕು. ಆದರೆ ಅದೇ ತಾಲ್ಲೂಕಿನಲ್ಲಿ ಮತ್ತೆ ಕೆಲಸ ಕೇಳಬೇಕಾದವರು ಅದನ್ನು ಕೊನೆಯ ಅಸ್ತ್ರವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಕಚೇರಿಯ ಗುಮಾಸ್ತರನ್ನು ಎರಡು ಸಲ ವಿನಯದಿಂದ ಕಂಡಾಗ ಕಡತ ಸಿಕ್ಕಿತು.

ಅನುಭವ ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ, ಕಲಿಸಿದ ವಿಷಯ ಮತ್ತು ತರಗತಿ, ಬೋಧನಾ ಮಾಧ್ಯಮ, ಮುಖ್ಯ ಶಿಕ್ಷಕರ ಸಹಿ ಮತ್ತು ಮೊಹರು ಇರಬೇಕು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಆಗಿರಬೇಕು. ಶಾಲೆ ಮುಚ್ಚುವ ವಾರದಲ್ಲೇ ಮಾಡಿಸಿಕೊಳ್ಳಿ.

ನಡುವರ್ಷದಲ್ಲಿ ಕಾಯಂ ಶಿಕ್ಷಕರು ಬಂದು ಜಾಗ ಹೋದರೆ ಮನೆಗೆ ಬಂದು ಕೂರಬೇಡಿ. ಬಿಡುಗಡೆಯಾದ ಅದೇ ವಾರ ಬಿಡುಗಡೆ ಪತ್ರದ ನಕಲು ಲಗತ್ತಿಸಿ, ಇದೇ ವಿಷಯಕ್ಕೆ ತಾಲ್ಲೂಕಿನಲ್ಲಿ ಖಾಲಿಯಿರುವ ಶಾಲೆಗೆ ಹೊಂದಿಸಿಕೊಡಿ ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ಗಣಿತದವರು ಎಲ್ಲ ಕಡೆ ಬೇಕು. ಸಮಾಜ ವಿಜ್ಞಾನದವರಿಗೆ ಈ ಮಾತನ್ನು ಇಷ್ಟು ಧೈರ್ಯವಾಗಿ ಹೇಳಲಾಗುವುದಿಲ್ಲ.

84 ಅಂಕ

1ರಿಂದ 8ನೇ ತರಗತಿಯ ಕಾಯಂ ನೇಮಕಾತಿಗೆ ಬೇಕಾದ ಟಿಇಟಿಯನ್ನು ಎರಡು ಸಲ ಬರೆದಿದ್ದರು. ಎರಡನೆಯ ಸಲ 150ಕ್ಕೆ 84. ಸಾಮಾನ್ಯ ಮತ್ತು 2ಎ ಮುಂತಾದವರಿಗೆ ಶೇ 60 ಬೇಕು, ಅಂದರೆ 90. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1 ಮತ್ತು ಅಂಗವಿಕಲರಿಗೆ ಶೇ 55. ಆರು ಅಂಕದಿಂದ ಹೋಗಿತ್ತು. "ನನ್ನ ತಲಿಗೆ ಹತ್ತಂಗಿಲ್ಲ ಬಿಡ್ರಿ" ಎಂದು ಮತ್ತೆ ಅರ್ಜಿಯನ್ನೇ ಹಾಕಿರಲಿಲ್ಲ.

ಅಂಕಗಳನ್ನು ಬಿಡಿಸಿ ನೋಡಿದೆವು. 6ರಿಂದ 8ನೇ ತರಗತಿಯ ಪತ್ರಿಕೆ-2ರಲ್ಲಿ ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ 30, ಭಾಷೆ-1ಕ್ಕೆ 30, ಭಾಷೆ-2ಕ್ಕೆ 30, ಗಣಿತ-ವಿಜ್ಞಾನಕ್ಕೆ 60. ಇವರಿಗೆ ಶಿಶು ವಿಕಾಸದಲ್ಲಿ 14, ಕನ್ನಡದಲ್ಲಿ 21, ಇಂಗ್ಲಿಷ್‌ನಲ್ಲಿ 13, ಗಣಿತ-ವಿಜ್ಞಾನದಲ್ಲಿ 36. ಓದಿದ್ದೆಲ್ಲ ಗಣಿತ, ವಿಜ್ಞಾನವೇ. ಬರುವುದನ್ನೇ ಮತ್ತೆ ಮತ್ತೆ ಓದುವುದು ಮನಸ್ಸಿಗೆ ಹಿತ, ಅಂಕ ಮಾತ್ರ ಏರುವುದಿಲ್ಲ. ಇನ್ನೊಂದು ಕೇಳಿದೆವು: ಎಷ್ಟು ಪ್ರಶ್ನೆ ಬಿಟ್ಟಿರಿ? ಏಳು. ತಪ್ಪು ಉತ್ತರಕ್ಕೆ ಅಂಕ ಕಳೆಯದ ಪರೀಕ್ಷೆಯಲ್ಲಿ, ನಾಲ್ಕು ಆಯ್ಕೆಗಳ ಏಳು ಪ್ರಶ್ನೆ ಖಾಲಿ! ಕಳೆಯುತ್ತಾರೆ ಎಂದು ಯಾರೋ ಹೇಳಿದ್ದರಂತೆ.

ಯೋಜನೆ ಸರಳವಾಗಿತ್ತು. ಶಿಶು ವಿಕಾಸದಲ್ಲಿ 14ನ್ನು 20ಕ್ಕೆ, ಇಂಗ್ಲಿಷ್‌ನಲ್ಲಿ 13ನ್ನು 16ಕ್ಕೆ ಏರಿಸುವುದು. ಗಣಿತ-ವಿಜ್ಞಾನವನ್ನು ಮೂರು ತಿಂಗಳು ಮುಟ್ಟುವುದೇ ಬೇಡ. ಶಿಶು ವಿಕಾಸದ ಪ್ರಶ್ನೆಗಳು ಮನೋವಿಜ್ಞಾನಿಗಳಾದ ಪಿಯಾಜೆ, ವೈಗೋಟ್ಸ್‌ಕಿ, ಕೋಲ್‌ಬರ್ಗ್ ಸುತ್ತ, ಕಲಿಕಾ ನ್ಯೂನತೆ, ಮೌಲ್ಯಮಾಪನದ ಸುತ್ತ ಸುತ್ತುತ್ತವೆ. ಬಿ.ಎಡ್.ನಲ್ಲಿ ಓದಿದ್ದೇ. ಒಂದು ಪರಿಕಲ್ಪನೆಗೆ ಒಂದು ಚೀಟಿ, ಒಂದು ಬದಿಯಲ್ಲಿ ಹೆಸರು, ಇನ್ನೊಂದು ಬದಿಯಲ್ಲಿ ತನ್ನ ತರಗತಿಯದೇ ಒಂದು ಉದಾಹರಣೆ. ಬಸ್ಸಿನಲ್ಲಿ ನೋಡಲು ಇವು ಸಾಕು. ಭಾನುವಾರ ಹಳೆಯ ಪ್ರಶ್ನೆಪತ್ರಿಕೆ, ಗಡಿಯಾರ ಇಟ್ಟು ಎರಡೂವರೆ ಗಂಟೆ. ಪತ್ರಿಕೆ-2 ಸಾಮಾನ್ಯವಾಗಿ ಮಧ್ಯಾಹ್ನ ನಡೆಯುತ್ತದೆ, ಆದ್ದರಿಂದ ಅಭ್ಯಾಸವೂ ಊಟವಾದ ಮೇಲೆಯೇ, ತೂಕಡಿಕೆಯ ಹೊತ್ತಿನಲ್ಲೇ. ಒಮ್ಮೆ ತೇರ್ಗಡೆಯಾದರೆ ಪ್ರಮಾಣಪತ್ರ ಜೀವನಪೂರ್ತಿ ಮಾನ್ಯ. ನೇಮಕಾತಿ ಅಧಿಸೂಚನೆ ಬಂದ ಮೇಲೆ ಓದಲು ಕೂರುವವರಿಗೆ ಇದು ತಡವಾಗಿಯೇ ಅರ್ಥವಾಗುತ್ತದೆ.

ಬಿ.ಎಡ್. ಮಾಡಿದವರು ಪತ್ರಿಕೆ-1ನ್ನೂ ಬರೆದಿಡೋಣ ಎಂದುಕೊಳ್ಳುತ್ತಾರೆ. 1ರಿಂದ 5ನೇ ತರಗತಿಗೆ ಬಿ.ಎಡ್. ಅರ್ಹತೆಯಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ಹೇಳಿದೆ. ಅಲ್ಲಿ ಬೇಕಾದದ್ದು ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ, ಅಂದರೆ ಡಿ.ಎಡ್. ಅಥವಾ ಡಿ.ಇಎಲ್.ಇಡಿ. ಶ್ರಮ ಪತ್ರಿಕೆ-2ರ ಕಡೆಗೇ ಇರಲಿ.

ಬೇರೆ ಬಾಗಿಲುಗಳು

ಕೇಂದ್ರೀಯ ವಿದ್ಯಾಲಯಗಳು ಹೆಚ್ಚಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ಗುತ್ತಿಗೆ ಶಿಕ್ಷಕರಿಗೆ ನೇರ ಸಂದರ್ಶನ ನಡೆಸಿ ಒಂದು ವರ್ಷದ ಪಟ್ಟಿ ಮಾಡಿಕೊಳ್ಳುತ್ತವೆ. ಜಾಗ ಖಾಲಿಯಾದಾಗ ಪಟ್ಟಿಯಿಂದ ಕರೆಯುತ್ತಾರೆ. ತಿಂಗಳಿಗೆ ಪಿ.ಆರ್.ಟಿ.ಗೆ (ಪ್ರಾಥಮಿಕ ಶಿಕ್ಷಕರು) 21,250, ಟಿ.ಜಿ.ಟಿ.ಗೆ (ಪದವೀಧರ ಶಿಕ್ಷಕರು) 26,250, ಪಿ.ಜಿ.ಟಿ.ಗೆ (ಸ್ನಾತಕೋತ್ತರ ಶಿಕ್ಷಕರು) 27,500 ರೂ. ಅತಿಥಿ ಶಿಕ್ಷಕರ ಎರಡರಷ್ಟು. ಆದರೆ ಅಲ್ಲಿ ಕೇಳುವುದು ಕೇಂದ್ರದ ಅರ್ಹತಾ ಪರೀಕ್ಷೆಯಾದ ಸಿಟಿಇಟಿ, ರಾಜ್ಯದ ಟಿಇಟಿ ಅಲ್ಲ. ಪಾಠ ಇಂಗ್ಲಿಷ್‌ನಲ್ಲಿ, ಮಾತಿಗೆ ಹಿಂದಿ. ಪಟ್ಟಿಯಲ್ಲಿ ಹೆಸರಿದ್ದರೂ ಕರೆ ಬರುವ ಖಾತರಿ ಇಲ್ಲ. ಹಾಗಾಗಿ ಇದನ್ನು ನೆಚ್ಚಿಕೊಂಡು ಜೂನ್‌ನ ಅತಿಥಿ ಶಿಕ್ಷಕರ ಆಯ್ಕೆಯನ್ನು ಬಿಡಬಾರದು. ನವೋದಯ ವಿದ್ಯಾಲಯಗಳಲ್ಲೂ ಗುತ್ತಿಗೆ ಶಿಕ್ಷಕರಿದ್ದಾರೆ, ನಮ್ಮ ರಾಜ್ಯ ಹೈದರಾಬಾದ್ ಪ್ರಾದೇಶಿಕ ಕಚೇರಿಗೆ ಸೇರುತ್ತದೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಲ್ಲಿ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುತ್ತಾರೆ. ಸಣ್ಣ ಮಕ್ಕಳಿರುವವರು ರಾತ್ರಿ ಓದಿನ ಮೇಲ್ವಿಚಾರಣೆ ತಮ್ಮ ಪಾಲಿಗೆ ಬರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಸಂದರ್ಶನದ ಪ್ರಾತ್ಯಕ್ಷಿಕೆ ಪಾಠಕ್ಕೆ ಸಿಗುವುದು ಹದಿನೈದು ಇಪ್ಪತ್ತು ನಿಮಿಷ. ಇವರು ಒಮ್ಮೆ ಖಾಸಗಿ ಶಾಲೆಯಲ್ಲಿ ಅಪವರ್ತನ ತೆಗೆದುಕೊಂಡು, ಮೂರು ಸೂತ್ರ ಬರೆಯುವಷ್ಟರಲ್ಲಿ ಸಮಯ ಮುಗಿದಿತ್ತಂತೆ. ಬದಲಿಗೆ ಭಿನ್ನರಾಶಿಯ ಭಾಗಾಕಾರ ಸಿದ್ಧಮಾಡಿಸಿದೆವು. ಒಂದು ಹಾಳೆ ಮಡಚಿ ಅರ್ಧ ತೋರಿಸುವುದು, ಅದರಲ್ಲಿ ಇಡೀ ಹಾಳೆಯ ಕಾಲುಭಾಗ ಎಷ್ಟು ಸಲ ಕೂರುತ್ತದೆ ಎಂದು ಕೇಳುವುದು, ಉತ್ತರ ಎರಡು ಎಂದು ಮಕ್ಕಳ ಬಾಯಿಂದ ಬಂದ ಮೇಲೆ ಬೋರ್ಡಿನಲ್ಲಿ ತಲೆಕೆಳಗು ಮಾಡಿ ಗುಣಿಸಿ ಅದೇ ಎರಡು ಬರುವುದನ್ನು ತೋರಿಸುವುದು. ಬೋರ್ಡಿನ ಎಡತುದಿಯಿಂದ ಶುರುಮಾಡಿ, ಬರೆದದ್ದನ್ನು ಅಳಿಸಬೇಡಿ. ಮುಖ ಮಕ್ಕಳ ಕಡೆಗಿರಲಿ, ಸಮಿತಿಯ ಕಡೆಗಲ್ಲ. ಸಮಿತಿಯನ್ನು ನೋಡಿ ಪಾಠ ಮಾಡುವುದೇ ಹೆಚ್ಚಿನವರು ಎಡವುವ ಜಾಗ.

ಊರಿನ ಖಾಸಗಿ ಶಾಲೆಯೊಂದು 14,000 ರೂ. ಕೊಡುವುದಾಗಿ ಹೇಳಿತ್ತು. ಗಂಡನಿಗೆ ಅದೇ ಸರಿ ಅನ್ನಿಸಿತ್ತು. ನಾವು ಬೇಡ ಎನ್ನಲಿಲ್ಲ, ಕೇಳಿಕೊಂಡು ಬರಲು ಪ್ರಶ್ನೆಗಳನ್ನು ಕೊಟ್ಟೆವು: ಸಂಬಳ ಹನ್ನೆರಡು ತಿಂಗಳದ್ದೋ ಹತ್ತರದ್ದೋ? ಬ್ಯಾಂಕಿಗೋ ಕೈಗೋ? ಭವಿಷ್ಯನಿಧಿ ಇದೆಯೇ? 20 ಮತ್ತು ಹೆಚ್ಚು ನೌಕರರಿದ್ದರೆ ಇರಬೇಕು. ನೇಮಕ ಪತ್ರ ಕೊಡುತ್ತಾರೆಯೇ? ಅದಿಲ್ಲದಿದ್ದರೆ ಐದು ವರ್ಷ ಸತತ ದುಡಿದ ಶಿಕ್ಷಕರಿಗೆ ಕಾನೂನಿನಂತೆ ಸಿಗಬೇಕಾದ ಗ್ರಾಚ್ಯುಟಿಯನ್ನೂ ಕೇಳುವುದು ಕಷ್ಟವಾಗುತ್ತದೆ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತಾರೆಯೇ? ಬಂದ ಉತ್ತರ: ಸಂಬಳ ಹತ್ತು ತಿಂಗಳು, ಮೂಲ ದಾಖಲೆ ಕೊಡಬೇಕು. ಮೂಲ ದಾಖಲೆ ಯಾರಿಗೂ ಒಪ್ಪಿಸಬಾರದು. ನೋಡಿ ವಾಪಸು ಕೊಡಲಿ, ದೃಢೀಕೃತ ನಕಲು ಇಟ್ಟುಕೊಳ್ಳಲಿ. ನಡುವೆ ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಗೆ ಕರೆ ಬಂದರೆ ಅಂಕಪಟ್ಟಿಗಾಗಿ ಆಡಳಿತ ಮಂಡಳಿಯ ಬಾಗಿಲು ಕಾಯಬೇಕಾಗುತ್ತದೆ. ಆ ಕೆಲಸ ಬಿಟ್ಟರು.

ಆರು ಅಂಕದ ಹಿಂದೆ ನಿಂತಿದ್ದವರಿಗೆ, ಬೆಳಿಗ್ಗೆ ಎಂಟೂವರೆಯಿಂದ ಸಂಜೆವರೆಗೆ ಹಿಡಿದಿಡುವ ಶಾಲೆಗಿಂತ ಓದಲು ಹೊತ್ತು ಉಳಿಸುವ ಅತಿಥಿ ಹುದ್ದೆಯೇ ವಾಸಿ ಎಂಬುದು ನಮ್ಮ ಅಭಿಪ್ರಾಯವಾಗಿತ್ತು. ವಯೋಮಿತಿ ಹತ್ತಿರ ಬಂದಿದ್ದರೆ, ಅಥವಾ ಟಿಇಟಿ ಅಂಕ 150ಕ್ಕೆ 60ರ ಆಸುಪಾಸಿನಲ್ಲಿದ್ದರೆ, ಇದನ್ನೇ ಹೇಳುತ್ತಿರಲಿಲ್ಲ.

ದುಡ್ಡಿನ ಕೊರತೆ ತುಂಬಲು ಒಂದು ಪಾಠದ ಗುಂಪು: ನವೋದಯ ಪ್ರವೇಶಕ್ಕೆ ಕೂರುವ ಐದನೆಯ ತರಗತಿಯ ಎಂಟು ಮಕ್ಕಳು, ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಬೆಳಿಗ್ಗೆ, ತಲಾ 400 ರೂ. ಆ ಪರೀಕ್ಷೆಯ 80 ಪ್ರಶ್ನೆಗಳಲ್ಲಿ 40 ಮಾನಸಿಕ ಸಾಮರ್ಥ್ಯದವು, 20 ಅಂಕಗಣಿತದವು, ಗಣಿತದವರಿಗೆ ಹೇಳಿಮಾಡಿಸಿದ ಕೆಲಸ. ತಾನು ಕಲಿಸುವ ಶಾಲೆಯ ಮಕ್ಕಳಿಂದ ದುಡ್ಡು ತೆಗೆದುಕೊಂಡು ಪಾಠ ಹೇಳಬಾರದು ಎಂಬುದೊಂದೇ ಷರತ್ತು. ಹಾಗೆ ಮಾಡಿದ ದಿನವೇ ಶಾಲೆಯಲ್ಲಿ ಮಾತು ಹುಟ್ಟುತ್ತದೆ.

ಮುಂದೆ ಆದದ್ದು

ಜೂನ್‌ನಲ್ಲಿ 31 ಕಿ.ಮೀ. ದೂರದ ಸಿ ವಲಯದ ಪ್ರೌಢಶಾಲೆ ಸೇರಿದರು. ನಿವೃತ್ತಿಯಿಂದ ತೆರವಾದ ಹುದ್ದೆ. ವರ್ಗಾವಣೆ ಮುಗಿದರೂ ಯಾರೂ ಆ ಕಡೆ ಬರಲಿಲ್ಲ, ಮಾರ್ಚ್‌ವರೆಗೆ ಉಳಿದರು. ಬೆಳಗಿನ ಬಸ್ ವಾರಕ್ಕೊಮ್ಮೆ ಕೈಕೊಡುತ್ತಿತ್ತು. ಮುಖ್ಯ ಶಿಕ್ಷಕರ ಜೊತೆ ಮಾತಾಡಿ ಮೊದಲ ಅವಧಿಯನ್ನು ವೇಳಾಪಟ್ಟಿಯಲ್ಲಿ ಬೇರೆಯವರಿಗೆ ಬದಲಿಸಿಕೊಂಡರು, ಬದಲಿಗೆ ಸಂಜೆಯ ಎಸ್ಸೆಸ್ಸೆಲ್ಸಿ ವಿಶೇಷ ತರಗತಿ ವಹಿಸಿಕೊಂಡರು. ಟಿಇಟಿಯಲ್ಲಿ 93 ಬಂತು. ಇಂಗ್ಲಿಷ್ ಅಂಕ ಒಂದೂ ಏರಲಿಲ್ಲ, ಏರಿದ್ದು ಶಿಶು ವಿಕಾಸ ಮತ್ತು ಖಾಲಿ ಬಿಡದ ಏಳು ಪ್ರಶ್ನೆ. ಕೇಂದ್ರೀಯ ವಿದ್ಯಾಲಯದ ಸಂದರ್ಶನಕ್ಕೆ ಹೋಗಲಿಲ್ಲ, ಸಿಟಿಇಟಿ ಆಗಿರಲಿಲ್ಲ. ನವೋದಯದ ಗುಂಪು ಎಂಟರ ಬದಲು ಐದಕ್ಕೆ ನಿಂತಿತು. ಮೈಕ್ರೋಫೈನಾನ್ಸ್ ಕಂತು ಡಿಸೆಂಬರ್‌ಗೆ ಮುಗಿಯಿತು. ಮಾರ್ಚ್ ಕೊನೆಯಲ್ಲಿ ನಿದ್ದೆ ಹೇಗಿದೆ ಎಂದು ಕೇಳಿದಾಗ, "ಎರಡು ದಿನ ಬರಲಿಲ್ಲ ರೀ, ಆಮ್ಯಾಲೆ ಬಂತು" ಎಂದರು.

ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಎಂ.ಎಸ್ಸಿ. ಮಾಡಿದರೆ ಪಿಯು ಕಾಲೇಜಿನ ದಾರಿಯೂ ತೆರೆಯುತ್ತದೆ ಎಂಬ ಮಾತು ನಡೆದಿದೆ, ತೀರ್ಮಾನ ಅವರದು. ಈಗ ಅವಸರದ ಕೆಲಸ ಬೇರೆ ಇದೆ. ಈ ಶಾಲೆಯ ಮುಖ್ಯ ಶಿಕ್ಷಕರು ಮೇ 31ಕ್ಕೆ ನಿವೃತ್ತರಾಗುತ್ತಾರೆ. ಅಷ್ಟರೊಳಗೆ ಅನುಭವ ಪತ್ರಕ್ಕೆ ಅವರ ಸಹಿ ಬೀಳಬೇಕು, ಮೇಲುಸಹಿಗೆ ಕಚೇರಿಗೆ ಹೋಗಬೇಕು.